ಮಿಂಚುಳ್ಳಿಯ ಸಮಸಮಕ್ಕೆ

ಕೆಳಮನೆಯ ಮೇಷ್ಟ್ರು ಪೊರಕೆಯ ಹಿಡಿಯಿಂದ ಸೂರು ಕುಟ್ಟಿದಾಗ ಸೊಸೆ ಗಾಳಿಯಲ್ಲಿದ್ದಳು. ನೆಲಕ್ಕೆ ಬಂದ ಮೇಲೆ ಅವಳಿಗೆ ಎರಡು ಸದ್ದು ಕೇಳಿದವು. ಕೆಳಗಿನಿಂದ ಟಕಟಕ, ಮಂಚದ ಮೇಲಿನಿಂದ ಅತ್ತೆಯ ನಗು.

"ಮನೆ ಬೀಳಿಸ್ತೀಯಾ ಕಣೆ," ಅಂದರು ಅತ್ತೆ. "ಬೀಳಿಸೋದಾದ್ರೆ ಮೊದಲೇ ಹೇಳು, ಹಲ್ಲಿನ ಸೆಟ್ಟು ಹಾಕ್ಕೋತೀನಿ."

ಆ ಮನೆಯಲ್ಲಿ ಇದ್ದದ್ದು ನಾಲ್ಕು ಜನ, ನಾಲ್ವರನ್ನೂ ಗುರುತಿಸುವುದು ಅತ್ತೆಯ ಕಡೆಯಿಂದಲೇ: ಅತ್ತೆ, ಅವರ ಮಗ, ಸೊಸೆ, ಮೊಮ್ಮಗಳು. ಮಗ ಅಚ್ಚುಕೂಟದಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವನು. ಮೊಮ್ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು, ಅವಳ ಪಾಠಗಳೆಲ್ಲ ಒಂದು ಟ್ಯಾಬಿನಲ್ಲಿ. ಅತ್ತೆ ಮಂಡಿ ಕೈಕೊಟ್ಟ ಮೇಲೆ ಮೂರನೇ ಮಹಡಿಯಿಂದ ಕೆಳಗಿಳಿದವರಲ್ಲ. ಲಿಫ್ಟ್ ಇಲ್ಲದ ಹಳೆಯ ಕಟ್ಟಡ, ಕಡಿದಾದ ಮೆಟ್ಟಿಲು. ಬೀದಿಯನ್ನು ಕಿಟಕಿಯಿಂದ ನೋಡುತ್ತ, ಬೀದಿಯವರನ್ನೂ ಕಿಟಕಿಯಿಂದಲೇ ಬಯ್ಯುತ್ತ ದಿನ ಕಳೆಯುತ್ತಿದ್ದರು.

ಸೊಸೆ ಊರಿನ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಮಗಳು ತೊಟ್ಟಿಲಲ್ಲಿದ್ದಾಗ ಸೇರಿದವಳು, ಅಂದಿನಿಂದ ಹಬೆಯ ಮಧ್ಯೆ ನಿಂತು ಹಾಸಿಗೆಯ ಚಾದರ ಮಡಿಸಿದ್ದೇ ಮಡಿಸಿದ್ದು. ಈಗ ಆ ಲಾಂಡ್ರಿಯನ್ನೇ ಮುಚ್ಚುತ್ತಾರಂತೆ. ಒಗೆಯುವುದನ್ನೆಲ್ಲ ಹೊರಗಿನವರಿಗೆ ವಹಿಸಿಕೊಡುತ್ತಾರಂತೆ. ಮೇಲ್ವಿಚಾರಣೆಯ ದೊಡ್ಡ ಸಿಸ್ಟರ್ ಬಂದು ಎರಡೇ ದಾರಿ ಹೇಳಿದ್ದರು. ಕೊಟ್ಟ ಇಡಿಗಂಟು ತೆಗೆದುಕೊಂಡು ಮನೆಗೆ ಹೋಗಬಹುದು, ಇಲ್ಲವೆ ಸ್ಟ್ರೆಚರ್ ಹೊರುವ ಕೆಲಸಕ್ಕೆ ಸೇರಬಹುದು. ಆದರೆ ಅದಕ್ಕೆ ಪರೀಕ್ಷೆ ಇತ್ತು. ಆಸ್ಪತ್ರೆಯ ಲಿಫ್ಟು ಮನಸ್ಸು ಬಂದ ದಿನ ಮಾತ್ರ ಓಡುವಂಥದ್ದು. ಹಾಗಾಗಿ ಇಬ್ಬಿಬ್ಬರು ಜೋಡಿಯಾಗಿ, ಮನುಷ್ಯನಷ್ಟೇ ತೂಕದ ಮರಳಿನ ಚೀಲವನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಮೆಟ್ಟಿಲು ಹತ್ತಿ ತುತ್ತತುದಿಯ ಮಹಡಿಗೆ ಒಯ್ಯಬೇಕು. ನಡುವೆ ಎಲ್ಲೂ ಕೆಳಗಿಡುವಂತಿಲ್ಲ. ಚೀಲದ ಮೇಲೆ ನೀರಿನ ಬೋಗುಣಿ ಕೂರಿಸಿರುತ್ತಾರೆ, ಅದು ಚೆಲ್ಲುವಂತಿಲ್ಲ.

ನಮ್ಮ ಸೊಸೆಯೋ, ತರಕಾರಿ ಚೀಲ ಹಿಡಿದು ತನ್ನ ಮನೆಯ ಮೆಟ್ಟಿಲು ಹತ್ತುವಾಗಲೇ ಪ್ರತಿ ತಿರುವಿನಲ್ಲೂ ನಿಂತು, ಯಾರಾದರೂ ನೋಡಿದರೆ ಬೀಗದ ಕೈ ಹುಡುಕುವ ನಾಟಕ ಆಡುವವಳು.

"ಇಡಿಗಂಟು ತಗೊಂಡು ಸುಮ್ನೆ ಬಾ," ಅಂದಿದ್ದ ಮಗ, ಊಟದ ಹೊತ್ತಿನಲ್ಲಿ. "ನಿನ್ನ ವಯಸ್ಸಿನವರು ಸ್ಟ್ರೆಚರ್ ಮೇಲೆ ಮಲಗ್ತಾರೆ. ಹೊರೋಕೆ ಹೋಗಲ್ಲ."

"ಇಡಿಗಂಟು ಎಷ್ಟು ದಿನ ಬರುತ್ತೆ? ಇವಳ ಕಾಲೇಜಿಗೆ ಅರ್ಧ, ಅತ್ತೆ ಮಾತ್ರೆಗೆ ಅರ್ಧ."

"ನಾನಿಲ್ವಾ?"

"ನೀವಿದ್ದೀರ. ಅಚ್ಚುಕೂಟ ಇರುತ್ತಾ?"

ಮಗ ತಟ್ಟೆಯಲ್ಲಿದ್ದ ಆಲೂಗಡ್ಡೆಯ ಚೂರನ್ನು ಅತ್ತಿಂದಿತ್ತ ಉರುಳಿಸಿದ. ಕಾಗದ ಕತ್ತರಿಸುವ ಯಂತ್ರ ಅರ್ಧ ವಾರ ಮುಸುಕು ಹೊದ್ದು ಕೂತಿರುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

"ಅವಳು ಮನೇಲಿ ಕೂತ್ರೆ ನನ್ನ ಗತಿ ಏನೋ?" ಅಂದರು ಅತ್ತೆ. "ಬೆಳಗಿಂದ ಸಾಯಂಕಾಲದವರೆಗೂ ಅದೇ ಮುಖ ನೋಡ್ಬೇಕು."

"ನನಗೂ ಅದೇ ಭಯ ಅತ್ತೆ," ಅಂದಳು ಸೊಸೆ, ಅವರಿಗೆ ಇನ್ನೊಂದು ಸೌಟು ಬೇಳೆ ಬಡಿಸುತ್ತ.

ವ್ಯಾಯಾಮದ ದಾರಿ ತೋರಿಸಿದವಳು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯ ಹುಡುಗಿ. "ಮೂರು ತಿಂಗಳ ಪಾಠ ಆಂಟಿ, ಮನೇಲೇ ಮಾಡ್ಬಹುದು. ಭಾರ ಎತ್ತೋ ಕಬ್ಬಿಣ ಗಿಬ್ಬಿಣ ಏನೂ ಬೇಡ. ಆದ್ರೆ ಬಹಳ ಕಷ್ಟ, ಅರ್ಧಕ್ಕೆ ಬಿಟ್ಟವರೇ ಜಾಸ್ತಿ," ಎಂದು ಒಂದು ಪೆನ್‌ಡ್ರೈವ್ ಕೊಟ್ಟಿದ್ದಳು. ಮೊಮ್ಮಗಳು ಅದನ್ನು ತನ್ನ ಟ್ಯಾಬಿಗೆ ಇಳಿಸಿ, ಯಾವುದನ್ನು ಒತ್ತಬೇಕು ಎಂದು ತೋರಿಸಿ, ಮುಸುಕು ಎಳೆದು ಮಲಗಿದಳು.

ಪರದೆಯ ಮೇಲೆ ನೀಲಿ ಬಟ್ಟೆಯ ಹೆಂಗಸೊಬ್ಬಳು. ಯಾವ ದೇಶದವಳೋ, ಯಾವ ಭಾಷೆಯೋ. ಚಟಪಟ ಮಾತು, ಚಕಚಕ ಕೈಕಾಲು. ಬಗ್ಗಿದಳು ಅನ್ನುವಷ್ಟರಲ್ಲಿ ಎದ್ದು ಹಾರಿರುತ್ತಿದ್ದಳು. ಅತ್ತೆ ಆಗಲೇ ಅವಳಿಗೆ ಮಿಂಚುಳ್ಳಿ ಎಂದು ಹೆಸರಿಟ್ಟರು.

ಮೊದಲ ವಾರ ಮನೆಯ ಆಡಳಿತವೇ ಬದಲಾಯಿತು. ಸೊಸೆ ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಬೆಳಗಿನ ಅಡುಗೆ ಮಗನ ಪಾಲಿಗೆ ಬಂತು. ಹೆಂಡತಿ ಶುರು ಮಾಡಿದ ಕೂಡಲೇ ಅವನು ಅನ್ನಕ್ಕೆ ಇಡುತ್ತಿದ್ದ, ಮಿಂಚುಳ್ಳಿ ಕೈಮುಗಿದು ಬೀಳ್ಕೊಡುವ ಹೊತ್ತಿಗೆ ಅನ್ನ ಹದವಾಗಿ ಬೆಂದಿರುತ್ತಿತ್ತು. ಗಡಿಯಾರ ನೋಡುವ ಗೋಜೇ ಇರಲಿಲ್ಲ. ಡಬ್ಬಿ ಕಟ್ಟುವುದೂ ಅವನೇ. ಒಂದು ದಿನ ಸೊಸೆಯ ಡಬ್ಬಿಯಲ್ಲಿ ಬರೀ ಅನ್ನ, ತನ್ನ ಡಬ್ಬಿಯಲ್ಲಿ ಬರೀ ಪಲ್ಯ ತುಂಬಿಕೊಂಡು ಹೋಗಿದ್ದ.

ಕೆಳಮನೆಯ ಮೇಷ್ಟ್ರು ಮೇಲೆ ಬಂದದ್ದೂ ಆ ವಾರವೇ. ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತು, "ತಾಯಿ, ನಮ್ಮ ಸೂರಿನ ಸುಣ್ಣ ನನ್ನ ಚಹಾಕ್ಕೆ ಬೀಳ್ತಿದೆ," ಅಂದರು.

"ತಪ್ಪಾಯ್ತು ಮೇಷ್ಟ್ರೇ. ಯಾವ ಹೊತ್ತಲ್ಲಿ ಹಾರಿದ್ರೆ ನಿಮಗೆ ಅನುಕೂಲ?"

ಮೇಷ್ಟ್ರು ಯೋಚಿಸಿದರು. ನ್ಯಾಯವಂತರು. "ಹಾರೋದಕ್ಕೆ ನನ್ನ ತಕರಾರಿಲ್ಲ. ಇಳಿಯೋದು ಮಾತ್ರ ಮೆಲ್ಲಗೆ ಇಳೀರಿ."

ಅದೇ ಅವಳಿಗೆ ಇನ್ನೊಂದು ಪಾಠವಾಯಿತು. ಹಳೆಯ ಕಂಬಳಿಗಳನ್ನು ಮಡಿಸಿ ಹಾಸಿದಳು. ಮೊದಲು ಬೆರಳು, ಆಮೇಲೆ ಅಂಗಾಲು, ಕೊನೆಗೆ ಹಿಮ್ಮಡಿ, ಮಂಡಿ ಸಡಿಲ. ಮಿಂಚುಳ್ಳಿಯಂತೆ ಹಾರಿ ಬೆಕ್ಕಿನಂತೆ ಇಳಿಯಬೇಕು. ಕೆಲವು ವಾರ ಕಳೆದ ಮೇಲೆ ಮೇಷ್ಟ್ರು ಮತ್ತೆ ಬಂದು, "ನಿಲ್ಲಿಸಿಬಿಟ್ರಾ? ಛೆ, ನನ್ನಿಂದ ಹಾಗಾಯ್ತಲ್ಲ," ಎಂದು ನೊಂದುಕೊಂಡರು. ಅವರು ಬಾಗಿಲು ತಟ್ಟಿದಾಗ ಸೊಸೆ ಹಾರುತ್ತಲೇ ಇದ್ದಳು.

ಆದರೂ ಮಿಂಚುಳ್ಳಿಯ ಸಮಕ್ಕೆ ಬರಲು ಅವಳಿಂದಾಗಲಿಲ್ಲ. ಇವಳು ಕೈ ಎತ್ತುವಾಗ ಅವಳು ಇಳಿಸುತ್ತಿದ್ದಳು. ಇವಳು ನೆಲಕ್ಕೆ ಅಂಗೈ ಊರುವಾಗ ಅವಳು ಎದ್ದು ಚಪ್ಪಾಳೆ ತಟ್ಟುತ್ತಿದ್ದಳು.

"ಆ ಮಹಾತಾಯಿ ನೀರು ಕುಡಿಯೋದು ನೋಡು," ಅಂದರು ಅತ್ತೆ ಒಂದು ದಿನ. "ಹಿಂದೆ ಪೊಲೀಸ್ ಬಂದ ಹಾಗೆ ಗಟಗಟ ಅಂತ. ಯಾರಾದ್ರೂ ಹಾಗೆ ಕುಡೀತಾರೇನೆ?"

"ಅಭ್ಯಾಸ ಆಗಿರುತ್ತೆ ಅತ್ತೆ. ಸುಮ್ನಿರಿ, ಎಣಿಕೆ ತಪ್ಪುತ್ತೆ."

"ನೀನು ಎಣಿಸೋದು ಬೇರೆ! ಅವಳು ಊರು ಸುತ್ತಿ ಬರ್ತಾಳೆ, ನೀನಿನ್ನೂ ಚಪ್ಪಲಿ ಹುಡುಕ್ತಿರ್ತೀಯ."

ಆ ಮಾತು ಸೊಸೆಗೆ ನಾಟಿತು. ಎರಡನೆಯ ತಿಂಗಳ ಕೊನೆಗೆ ಔಷಧಿ ಅಂಗಡಿಯ ತೂಕದ ಯಂತ್ರದ ಮೇಲೆ ನಿಂತು ನೋಡಿದರೆ ಮುಳ್ಳು ಮೊದಲಿದ್ದಲ್ಲೇ ಇತ್ತು. ಮರುದಿನ ಬೆಳಿಗ್ಗೆ ಅವಳು ಕಂಬಳಿ ಹಾಸಲಿಲ್ಲ, ಟ್ಯಾಬ್ ಎತ್ತಿಕೊಳ್ಳಲಿಲ್ಲ. ಅಡುಗೆಮನೆಗೆ ಹೋಗಿ ಗಂಡನ ಕೈಯಿಂದ ಪಾತ್ರೆ ಕಸಿದುಕೊಂಡು ಅಕ್ಕಿ ತೊಳೆಯತೊಡಗಿದಳು.

"ಯಾಕೆ?" ಅಂದ ಮಗ.

"ಇಡಿಗಂಟು ತಗೋತೀನಿ. ನೀವು ಹೇಳಿದ್ದೇ ಸರಿ. ಇಷ್ಟು ದಿನ ಆಯ್ತು, ಒಂದು ದಿನಾನಾದ್ರೂ ಅವಳ ಜೊತೆ ಮಾಡೋಕಾಯ್ತಾ?"

ಮಗನಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಹಿಂದೆ ಸರಿದು ನಿಂತ. ಹೊರಗಿನಿಂದ ಅತ್ತೆಯ ಧ್ವನಿ ಬಂತು.

"ಏನೇ ಅದು? ಮಿಂಚುಳ್ಳಿ ಬರ್ಲಿಲ್ವಾ ಇವತ್ತು?"

"ಇಲ್ಲ ಅತ್ತೆ. ಮುಗೀತು."

"ಮುಗಿಯೋದೇನು? ನನಗೆ ಬೆಳಿಗ್ಗೆ ಎದ್ದು ನೋಡೋಕೆ ಬೇರೇನಿದೆ ಈ ಮನೇಲಿ? ಬಂದು ಹಾರು. ನನಗೆ ಮಂಡಿ ಇದ್ದಿದ್ರೆ ನಾನೇ ಹಾರ್ತಿದ್ದೆ, ನಿನ್ನನ್ನ ಕೇಳ್ತಿರ್ಲಿಲ್ಲ." ಸ್ವಲ್ಪ ತಡೆದು, ದನಿ ತಗ್ಗಿಸಿ, "ಮೊದಲ ದಿನ ನೀನು ಎದ್ದೇಳೋಕೆ ಗೋಡೆ ಹಿಡೀತಿದ್ದೆ. ಈಗ ಹಿಡಿಯಲ್ಲ. ಅದನ್ನ ಅಂಗಡಿ ಯಂತ್ರ ನೋಡಿಲ್ಲ, ನಾನು ನೋಡಿದ್ದೀನಿ," ಅಂದರು.

ಸೊಸೆ ಕೈಯೊರೆಸಿಕೊಂಡು ಬಂದು ಕಂಬಳಿ ಹಾಸಿದಳು.

ಅಲ್ಲಿಂದ ಮುಂದೆ ಅವಳ ಛಲ ನೋಡಬೇಕಿತ್ತು. ನಾನು ಸುಮ್ಮನೆ ಹೊಗಳುವವನಲ್ಲ, ಆದರೆ ಇದನ್ನು ಹೊಗಳದೆ ಇರುವುದು ಹೇಗೆ? ಸಂಜೆ ಪಾತ್ರೆ ತೊಳೆಯುವಾಗ ತುದಿಗಾಲಲ್ಲಿ ನಿಲ್ಲುತ್ತಿದ್ದಳು, ಬಟ್ಟೆ ಹಿಂಡುವಾಗ ಅರ್ಧ ಕೂತು ಹಿಂಡುತ್ತಿದ್ದಳು. ಕಡೆಗೊಂದು ಬೆಳಿಗ್ಗೆ ಮಿಂಚುಳ್ಳಿ ಬಗ್ಗಿದಾಗ ಬಗ್ಗಿದಳು, ಹಾರಿದಾಗ ಹಾರಿದಳು, ಕೈಮುಗಿದಾಗ ಸರಿಯಾಗಿ ಅದೇ ಕ್ಷಣಕ್ಕೆ ಕೈಮುಗಿದಳು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಬೈಗುಳ ಸಿಗದೆ ಅತ್ತೆ ಪೇಚಾಡಿದ್ದನ್ನು ಮಗ ಅಡುಗೆಮನೆಯ ಬಾಗಿಲಿನಿಂದ ನೋಡಿದ.

ಆ ವಾರವೇ ಅತ್ತೆಯ ಕನ್ನಡಕ ಬೀರುವಿನ ಹಿಂದೆ ಬಿತ್ತು. ಮಗ ಕೋಲು ಹುಡುಕಲು ಹೋದ. ಬರುವಷ್ಟರಲ್ಲಿ ಸೊಸೆ ತುಂಬಿದ ಬೀರುವನ್ನು ಒಂದು ಬದಿ ಎತ್ತಿ ಸರಿಸಿ, ಕನ್ನಡಕ ಒರೆಸಿ ಕೊಟ್ಟಾಗಿತ್ತು. ಮಗ ಕೋಲು ಹಿಡಿದು ನಿಂತೇ ಇದ್ದ.

"ಏನ್ರೀ, ಹೊಡೆಯೋಕೆ ಬಂದ್ರಾ?"

"ನಾನಾ? ನನಗೇನು ಹುಚ್ಚೇ?" ಅಂದ ಮಗ, ಅವಳ ತೋಳಿನಿಂದ ಕಣ್ಣು ತೆಗೆಯದೆ.

ಇನ್ನು ಜೋಡಿ ಹುಡುಕಬೇಕಿತ್ತು. ಲಾಂಡ್ರಿಯಲ್ಲಿ ಎಲ್ಲರೂ ಗಟ್ಟಿಮುಟ್ಟಾದ ಹುಡುಗರ ಬೆನ್ನು ಬಿದ್ದಿದ್ದರು. ಹರಿದ ಚಾದರ ಹೊಲಿಯುವ ಸೂಜಿಯಕ್ಕನನ್ನು ಯಾರೂ ಕೇಳಲಿಲ್ಲ. ಸಣಕಲು ಮೈ, ಐವತ್ತು ದಾಟಿದ ವಯಸ್ಸು, ಹಿಂದೆ ಮುಂದೆ ಯಾರೂ ಇಲ್ಲ. ಇಡಿಗಂಟು ತಗೊಂಡು ಹೋಗುವುದಕ್ಕೂ ಅವಳಿಗೆ ಒಂದು ಮನೆ ಅಂತ ಇರಲಿಲ್ಲ, ಬಾಡಿಗೆಯ ಒಂದು ಕೋಣೆ ಅಷ್ಟೇ. ಸೊಸೆ ಅವಳನ್ನೇ ಕೇಳಿದಳು.

"ನನ್ನ ಜೊತೆ ಬಂದ್ರೆ ನೀನೂ ಮುಳುಗ್ತೀಯ," ಅಂದಳು ಸೂಜಿಯಕ್ಕ.

"ಒಬ್ಬಳೇ ತೇಲಿ ಏನ್ಮಾಡ್ಲಿ? ಬಾ ಅಕ್ಕ."

ಭಾನುವಾರ ಮನೆಯ ಮೆಟ್ಟಿಲ ಮೇಲೇ ಅಭ್ಯಾಸ ಶುರುವಾಯಿತು. ಹಳೆಯ ಏಣಿ, ಅದರ ಮೇಲೆ ಆಲೂಗಡ್ಡೆ ಮೂಟೆ, ಅದರ ಮೇಲೆ ಬೋಗುಣಿ. ಸೂಜಿಯಕ್ಕ ಮುಂದೆ, ಸೊಸೆ ಹಿಂದೆ, ಕೆಳಗಿನ ತುದಿಯಲ್ಲಿ. ಭಾರವೆಲ್ಲ ಬೀಳುವುದು ಕೆಳಗಿನವರ ಮೇಲೇ. ಏಣಿ ವಾಲದಂತೆ ಆ ತುದಿಯನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಸೊಸೆ ಎತ್ತಿ ಹಿಡಿದಳು, ಅದೇನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಬೇರೆ. ಅವಳ ಕಾಲು ನಿಲ್ಲುತ್ತಿರಲಿಲ್ಲ. ಸೂಜಿಯಕ್ಕ ಒಂದು ಮೆಟ್ಟಿಲು ಹತ್ತುವುದರೊಳಗೆ ಇವಳು ಮುಂದಿನದಕ್ಕೆ ಕಾಲಿಟ್ಟಿರುತ್ತಿದ್ದಳು. ಏಣಿಯ ತುದಿ ಹೋಗಿ ಸೂಜಿಯಕ್ಕನ ಬೆನ್ನಿಗೆ ತಿವಿಯಿತು, ಬೋಗುಣಿ ಮಗುಚಿ ಮೇಷ್ಟ್ರ ಬಾಗಿಲಿಗೆ ನೀರು ಹರಿಯಿತು.

"ನಿನಗೇನು ಹಿಂದೆ ಬೆಂಕಿ ಬಿದ್ದಿದೆಯಾ?" ಅಂದಳು ಸೂಜಿಯಕ್ಕ, ಬೆನ್ನು ನೀವಿಕೊಳ್ಳುತ್ತ.

"ನಾನು ಸರಿಯಾಗೇ ಬರ್ತಿದ್ದೀನಲ್ಲ ಅಕ್ಕ!"

ಮತ್ತೆ ಮಾಡಿದರು, ಮತ್ತೆ ಚೆಲ್ಲಿತು. ಸೊಸೆಗೆ ತಾನು ಓಡುತ್ತಿದ್ದೇನೆಂದು ಅನ್ನಿಸುತ್ತಲೇ ಇರಲಿಲ್ಲ. ಪರೀಕ್ಷೆಗೆ ಉಳಿದದ್ದು ಇನ್ನೊಂದೇ ವಾರ.

ವ್ಯಾಯಾಮದ ಕೊನೆಯ ಪಾಠ ಮರುದಿನ ಬೆಳಿಗ್ಗೆ ಇತ್ತು. ಮೊಮ್ಮಗಳು ಅಂದು ಬೇಗ ಎದ್ದು, "ಕೊನೇ ದಿನ ಅಲ್ವಾ ಅಮ್ಮಾ, ದೊಡ್ಡ ಪರದೇಲಿ ಮಾಡು," ಎಂದು ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿದಳು. ಮಗ ಎಂದಿನಂತೆ ಅನ್ನಕ್ಕೆ ಇಟ್ಟು ಬಂದು ಬಾಗಿಲಲ್ಲಿ ನಿಂತ. ಅತ್ತೆ ದಿಂಬಿಗೊರಗಿ ಕೂತರು.

ಮಿಂಚುಳ್ಳಿ ಬಂದಳು. ನಿಧಾನವಾಗಿ ನಕ್ಕಳು, ನಿಧಾನವಾಗಿ ಮಾತಾಡಿದಳು. ಕೈ ಎತ್ತಿದಳು. ಸೊಸೆ ಎತ್ತಿ ಇಳಿಸಿದರೂ ಅವಳದಿನ್ನೂ ಮೇಲೆ ಹೋಗುತ್ತಲೇ ಇತ್ತು.

"ಇವಳಿಗೆ ಹುಷಾರಿಲ್ವೇನೇ?" ಅಂದಳು ಸೊಸೆ, ನಿಜವಾಗಿಯೂ ಕನಿಕರದಿಂದ.

"ಪಾಪ, ಜ್ವರ ಬಂದಿರ್ಬೇಕು," ಅಂದರು ಅತ್ತೆ. "ನೀರು ಕೂಡ ಮನುಷ್ಯರ ಥರ ಕುಡೀತಿದ್ದಾಳೆ ಇವತ್ತು."

ಎಂದಿನ ಹೊತ್ತು ದಾಟಿದರೂ ಪಾಠ ಮುಗಿಯಲಿಲ್ಲ. ಮೊಮ್ಮಗಳು ಟಿವಿ ನೋಡಿದಳು, ಟ್ಯಾಬ್ ತೆಗೆದು ನೋಡಿದಳು, ಆಮೇಲೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಮ್ಮಾ... ನಾನು ಪಾಠ ಎಲ್ಲ ಒಂದೂವರೆ ಪಟ್ಟು ಸ್ಪೀಡಲ್ಲಿ ಕೇಳೋದು. ಬೇಗ ಮುಗೀಲಿ ಅಂತ. ಟ್ಯಾಬಲ್ಲಿ ಅದು ಹಾಗೇ ಇದೆ. ನೀನು ಮೊದಲ ದಿನದಿಂದ..."

ಅಡುಗೆಮನೆಯಿಂದ ಸೀದ ವಾಸನೆ ಬಂತು. ಮಿಂಚುಳ್ಳಿಯನ್ನು ನಂಬಿ ಅನ್ನಕ್ಕಿಟ್ಟವನು ಅತ್ತ ಓಡಿದ.

"ಮೂರು ತಿಂಗಳು!" ಅಂದಳು ಸೊಸೆ. ಅವಳ ಮುಖ ಕೆಂಪೇರಿತ್ತು. "ಮೂರು ತಿಂಗಳು ನಾನೇ ಸೋಮಾರಿ, ನನ್ನ ಮೈಯೇ ಸರಿಯಿಲ್ಲ ಅಂತ ಅತ್ತಿದ್ದೀನಿ ಕಣೇ. ಸ್ನಾನದ ಮನೇಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೀನಿ!"

"ನಂಗೆ ಹೇಗೆ ಗೊತ್ತಾಗ್ಬೇಕು, ಅದು ನನ್ನ ಕಿವಿಗೆ ಸರಿಯಾಗೇ ಕೇಳಿಸ್ತಿತ್ತು," ಎಂದು ಮೊಮ್ಮಗಳು ಅಳುಮುಖ ಮಾಡಿದಳು.

ಅತ್ತೆ ಈ ಸಲ ನಗಲಿಲ್ಲ. ಟಿವಿಯನ್ನೂ ಸೊಸೆಯನ್ನೂ ಒಂದಾದ ಮೇಲೊಂದರಂತೆ ನೋಡಿದರು. "ಅಂದ್ರೆ ಆ ಮಹಾತಾಯಿ ಕೂಡ ಮಾಡದೇ ಇದ್ದದ್ದನ್ನ ನೀನು ಮಾಡಿದ್ದೀಯ," ಅಂದರು. "ನಾನು ಬಾಯಿಗೆ ಬಂದ ಹಾಗೆ ಅಂದೆ. ಎಲ್ಲಾ ವಾಪಸ್ ತಗೊಂಡೆ ಕಣೆ. ಅಳಬೇಡ. ಈಗ ಇವಳ ಜೊತೆ ಮಾಡು, ಸುಲಭ ಇರುತ್ತೆ."

ಸುಲಭ ಇರಲಿಲ್ಲ. ಅಲ್ಲೇ ಇದ್ದದ್ದು ತಮಾಷೆ. ನಿಧಾನವಾಗಿ ಕೂತು, ಕೂತಲ್ಲೇ ತಡೆದು, ನಿಧಾನವಾಗಿ ಏಳುವಾಗ ಸೊಸೆಯ ತೊಡೆ ಥರಥರ ನಡುಗಿತು. ರಭಸದಲ್ಲಿ ದಾಟಿಹೋಗುತ್ತಿದ್ದ ಭಾರವೆಲ್ಲ ಈಗ ಒಂದೊಂದಾಗಿ ಮೈಮೇಲೆ ಕೂತಿತು. ಆದರೂ ಕೊನೆಯವರೆಗೆ ಮಾಡಿದಳು. ಆಗ ಅವಳಿಗೆ ಸೂಜಿಯಕ್ಕನ ಬೆನ್ನು ನೆನಪಾಯಿತು. ಆ ವಾರವಿಡೀ ಟಿವಿಯ ಮುಂದೆ ನಿಂತು ನಿಧಾನವನ್ನೇ ಕಲಿತಳು, ಸಂಜೆ ಮೆಟ್ಟಿಲ ಮೇಲೆ ಸೂಜಿಯಕ್ಕನ ಹಿಮ್ಮಡಿ ಎದ್ದ ಮೇಲಷ್ಟೇ ತನ್ನ ಹೆಜ್ಜೆ ಎತ್ತಿದಳು.

ಪರೀಕ್ಷೆಯ ದಿನ ಮಗ ಅಚ್ಚುಕೂಟದಲ್ಲಿ ಹಲ್ಲುನೋವೆಂದು ಸುಳ್ಳು ಹೇಳಿ ಆಸ್ಪತ್ರೆಯ ಮೆಟ್ಟಿಲಿನ ಮೇಲ್ತುದಿಯಲ್ಲಿ, ರೋಗಿಗಳ ಕಡೆಯವರ ನಡುವೆ ಸೇರಿಕೊಂಡು ನಿಂತಿದ್ದ. ಮೊದಲು ಬಂದ ಇಬ್ಬರು ಹುಡುಗರು ಧಡಧಡ ಹತ್ತಿದರು, ಮೊದಲ ತಿರುವಿನಲ್ಲೇ ಬೋಗುಣಿ ಕವುಚಿತು. ಮುಂದಿನವರು ಅರ್ಧದಲ್ಲಿ ಸ್ಟ್ರೆಚರ್ ಕೆಳಗಿಟ್ಟರು. ಆಮೇಲೆ ಸೂಜಿಯಕ್ಕನ ನರೆತ ತಲೆ ಕಾಣಿಸಿತು, ಅದರ ಹಿಂದೆ ಮರಳಿನ ಚೀಲ, ಬೋಗುಣಿ, ಕೆಳಗೆ ತನ್ನ ಹೆಂಡತಿ.

ಇನ್ನೊಂದು ಸುತ್ತು ಮೆಟ್ಟಿಲಿರುವಾಗ ಸೂಜಿಯಕ್ಕನ ಮಂಡಿ ನಡುಗಿ ನಿಂತುಬಿಟ್ಟಿತು.

"ಆಗಲ್ಲ ಕಣೆ. ಬಿಟ್ಬಿಡ್ತೀನಿ."

"ಬಿಡಬೇಡ. ನಿಲ್ಲು. ಉಸಿರು ತಗೋ."

"ನಿನ್ನ ಮೇಲೆ ಭಾರ..."

"ನನ್ನ ಮೇಲಿರ್ಲಿ. ನನಗೇನೂ ಅವಸರ ಇಲ್ಲ ಅಕ್ಕ."

ಸೊಸೆ ಮಂಡಿ ಕೊಂಚ ಬಗ್ಗಿಸಿ, ಮೆಟ್ಟಿಲ ಮೇಲೆ ಬೇರು ಬಿಟ್ಟವಳಂತೆ ನಿಂತಳು. ಕತ್ತಿನ ನರ ಉಬ್ಬಿತ್ತು. ಮಗ ಮುಷ್ಟಿ ಬಿಗಿಹಿಡಿದ. ಓಡಿಹೋಗಿ ಕೈಕೊಡಬೇಕು ಅನ್ನಿಸಿತು, ಕೊಟ್ಟರೆ ಎಲ್ಲ ಹಾಳಾಗುತ್ತದೆಂದು ಗೊತ್ತಿತ್ತು. ದೊಡ್ಡ ಸಿಸ್ಟರ್ ಬೋಗುಣಿಯನ್ನೇ ನೋಡುತ್ತಿದ್ದರು. ಸೂಜಿಯಕ್ಕ ಉಸಿರೆಳೆದುಕೊಂಡಳು, ಇನ್ನೊಮ್ಮೆ ಎಳೆದುಕೊಂಡಳು, ಹಿಮ್ಮಡಿ ಎತ್ತಿದಳು. ಆಮೇಲೆ ಸೊಸೆಯ ಕಾಲೂ ಎದ್ದಿತು. ಮೊದಲು ಬೆರಳು, ಆಮೇಲೆ ಅಂಗಾಲು, ಕೊನೆಗೆ ಹಿಮ್ಮಡಿ. ಸದ್ದೇ ಇಲ್ಲ.

ಮೇಲಿನ ಮಹಡಿಯಲ್ಲಿ ಸ್ಟ್ರೆಚರ್ ಇಳಿಸಿದಾಗ ದೊಡ್ಡ ಸಿಸ್ಟರ್ ಚೀಲದ ಮೇಲೆ ಅಂಗೈಯಾಡಿಸಿದರು. ಒಣಗಿಯೇ ಇತ್ತು. "ನಾನು ರೋಗಿಯಾದ್ರೆ ನನ್ನನ್ನ ನೀವಿಬ್ಬರೇ ಹೊರಬೇಕು," ಅಂದರು. ಸೂಜಿಯಕ್ಕ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಸೊಸೆ ತಿರುಗಿ ನೋಡಿದರೆ ಎದುರಿಗೆ ಗಂಡ.

"ನಿಮಗೆ ಕೆಲಸ ಇರ್ಲಿಲ್ವಾ?"

"ಹಲ್ಲುನೋವು," ಅಂದ ಮಗ. ಅವನ ಕಣ್ಣಲ್ಲಿ ನೀರಿತ್ತು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

ಮನೆಯಲ್ಲಿ ಆ ಕಥೆಯನ್ನು ಮಗ ಹೇಳಿದ್ದೇ ಹೇಳಿದ್ದು. ಹೇಳಿದ ಹಾಗೆಲ್ಲ ಮರಳಿನ ಚೀಲ ಭಾರವಾಗುತ್ತ ಹೋಯಿತು. ಭಾನುವಾರ ಬೆಳಿಗ್ಗೆ ಅತ್ತೆ, ಯಾರೂ ಕೇಳದೆಯೇ, "ನಾನು ಬೀದಿ ನೋಡಿ ಬಹಳ ದಿನ ಆಯ್ತು," ಅಂದರು, ಕಿಟಕಿಯ ಕಡೆ ಮುಖ ಮಾಡಿಕೊಂಡೇ.

ಸೊಸೆ ಅಡುಗೆಮನೆಯಿಂದ ಬಂದು ಕೈಗಳುಳ್ಳ ಮರದ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದಳು. "ಕೂತ್ಕೊಳ್ಳಿ ಅತ್ತೆ."

"ಹಾಗೇ ಬರಲ್ಲ. ಒಂದು ಲೋಟ ಚಹಾ ಕೊಡು. ಅಂಚಿನವರೆಗೂ ಹಾಕು. ನೋಡೋಣ ನಿನ್ನ ಕಸುಬು."

ಸೊಸೆ ಅಂಚಿನವರೆಗೂ ಹಾಕಿದಳು. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಮಗ ಮೇಲಿನಿಂದ ಕುರ್ಚಿಯ ಬೆನ್ನು ಹಿಡಿದ, ಸೊಸೆ ಕೆಳಗಿನಿಂದ ಅದರ ಕಾಲು ಹಿಡಿದಳು. ಒಂದೊಂದೇ ಮೆಟ್ಟಿಲು ಇಳಿದರು. ಸುಸ್ತಾಗಿ ತಿರುವಿನಲ್ಲಿ ನಿಂತದ್ದು ಮಗನೇ. "ಉಸಿರು ತಗೊಳ್ಳಿ," ಎಂದು ಅವಳು ಕುರ್ಚಿಯನ್ನು ಹಿಡಿದೇ ನಿಂತಳು. ಮೇಷ್ಟ್ರು ಬಾಗಿಲು ತೆರೆದು, ಮೆರವಣಿಗೆಗೆ ದಾರಿ ಬಿಡುವವರಂತೆ ಗೋಡೆಗೆ ಒರಗಿದರು. ಮೊಮ್ಮಗಳು ಮುಂದೆ ಮುಂದೆ ಹಿಮ್ಮುಖವಾಗಿ ಇಳಿಯುತ್ತ ಲೋಟದ ಮೇಲೆ ಕಣ್ಣಿಟ್ಟಿದ್ದಳು.

ಬೀದಿಯ ಬಿಸಿಲಿನಲ್ಲಿ ಕುರ್ಚಿ ಇಳಿಸಿದರು. ಅತ್ತೆ ತಮ್ಮ ಮಡಿಲು ನೋಡಿಕೊಂಡರು. ಒಂದು ಹನಿಯೂ ಬಿದ್ದಿರಲಿಲ್ಲ. ಹಣ್ಣಿನ ಗಾಡಿ, ಸೈಕಲ್ಲು, ಎದುರು ಮನೆಯ ನಾಯಿ, ಎಲ್ಲವನ್ನೂ ಬಹಳ ಹೊತ್ತು ನೋಡಿದರು. ಸೊಸೆಯ ತೋಳಿನ ಮೇಲೆ ಒಂದು ಕೈಯಿಟ್ಟು, ಬಟ್ಟೆಯ ಗುಣ ನೋಡುವವರಂತೆ ಒತ್ತಿ ನೋಡಿದರು. ಆಮೇಲೆ ಲೋಟ ಎತ್ತಿ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

"ಆರಿ ತಣ್ಣಗಾಗಿದೆ," ಅಂದರು ಅತ್ತೆ. "ಹತ್ತೋವಾಗ ಸ್ವಲ್ಪ ಬೇಗ ಹತ್ತು."